ಒಂದು ಎಐ ಖಾತೆ, ಐದು ಜನರ ಬಳಕೆ: ಲೈಸೆನ್ಸ್ ನಿಯಮ ಏನು ಹೇಳುತ್ತೆ?

ಸಮೇತನಹಳ್ಳಿ: ಕೊಟೇಶನ್ ಬರೆಯೋಕೆ, ಜಿಎಸ್‌ಟಿ ನೋಟಿಸ್ ಅರ್ಥ ಮಾಡ್ಕೊಳ್ಳೋಕೆ, ಪಾರ್ಟಿಗೆ ಇಂಗ್ಲಿಷ್‌ನಲ್ಲಿ ಮೇಲ್ ಹಾಕೋಕೆ ಚಾಟ್‌ಜಿಪಿಟಿ, ಕೋಪೈಲಟ್, ಜೆಮಿನಿಯಂಥ ಎಐ ಸಹಾಯಕಗಳು ಈಗ ಸಣ್ಣ ಅಂಗಡಿ, ಗೋದಾಮುಗಳಿಗೂ ಅನುಕೂಲ. ಹೊಸಕೋಟೆ ತಾಲ್ಲೂಕಿನ ಯಾವ ವ್ಯಾಪಾರಿಗಾದರೂ ಮೊದಲು ಹೊಳೆಯುವ ಲೆಕ್ಕ ಒಂದೇ: ಒಂದು ಖಾತೆಗೆ ದುಡ್ಡು ಕಟ್ಟಿ, ಪಾಸ್‌ವರ್ಡ್ ಎಲ್ಲರಿಗೂ ಕೊಟ್ಟರೆ ಸಾಕಲ್ಲ? ನಿಯಮ ಹಾಗಿಲ್ಲ.

ತಲೆಗೊಂದು ಲೈಸೆನ್ಸ್

ಈ ಸೇವೆಗಳ ಲೈಸೆನ್ಸ್ ಸಾಮಾನ್ಯವಾಗಿ ಅಂಗಡಿಗಲ್ಲ, ಬಳಸುವ ವ್ಯಕ್ತಿಗೆ. ಚಾಟ್‌ಜಿಪಿಟಿ ನಡೆಸುವ ಓಪನ್‌ಎಐ ಕಂಪನಿಯ ಷರತ್ತಿನಲ್ಲಿ ಖಾತೆಯನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ ಎಂದೇ ಇದೆ. ಷರತ್ತು ಮೀರಿದರೆ ಖಾತೆ ಬಂದ್ ಮಾಡುವ ಅಧಿಕಾರ ಕಂಪನಿಗಿದೆ. ಹಾಗಾದರೆ ಅದರಲ್ಲಿರುವ ಹಳೆಯ ಕೊಟೇಶನ್, ಪತ್ರಗಳೂ ಕೈತಪ್ಪಬಹುದು.

ಮೈಕ್ರೋಸಾಫ್ಟ್ 365 ಕೋಪೈಲಟ್ 2023ರ ನವೆಂಬರ್‌ನಲ್ಲಿ ಬಂದಾಗ ಒಬ್ಬರಿಗೆ ತಿಂಗಳಿಗೆ 30 ಡಾಲರ್ ಇತ್ತು. ಕನಿಷ್ಠ 300 ಲೈಸೆನ್ಸ್ ಕೊಳ್ಳಬೇಕಿತ್ತು. 2024ರ ಜನವರಿಯಲ್ಲಿ ಆ ಮಿತಿ ತೆಗೆದಿದ್ದರಿಂದ ಈಗ ಐದು ಜನರ ಕಚೇರಿಯೂ ಕೊಳ್ಳಬಹುದು. ಆದರೆ ಇದಕ್ಕೆ ಮೊದಲೇ ಮೈಕ್ರೋಸಾಫ್ಟ್ 365 ಪ್ಲ್ಯಾನ್ ಇರಲೇಬೇಕು.

ಎಲ್ಲರಿಗೂ ಒಂದೇ ಬಾಟ್ ಮಾಡಿದರೆ?

ಲೈಸೆನ್ಸ್ ಇರುವ ಒಬ್ಬರು ಕೋಪೈಲಟ್‌ನಲ್ಲಿ ಬಾಟ್ ಮಾಡಿ ಉಳಿದವರಿಗೆ ಹಂಚಬಹುದು. ಅದು ಕೊಟ್ಟಿರುವ ಸೂಚನೆ ಮತ್ತು ಎಲ್ಲರಿಗೂ ತೆರೆದಿರುವ ವೆಬ್‌ಸೈಟ್ ನೋಡಿ ಉತ್ತರಿಸಿದರೆ ಲೈಸೆನ್ಸ್ ಇಲ್ಲದ ಸಿಬ್ಬಂದಿಯೂ ಹೆಚ್ಚುವರಿ ಖರ್ಚಿಲ್ಲದೆ ಬಳಸಬಹುದು. ಸಂಸ್ಥೆಯ ಸ್ವಂತ ಫೈಲು, ದರಪಟ್ಟಿ ಓದಿ ಉತ್ತರಿಸಬೇಕಾದರೆ ಮಾತ್ರ ಬೇರೆ. ಆಗ ಒಬ್ಬೊಬ್ಬರಿಗೂ ಲೈಸೆನ್ಸ್ ಬೇಕು, ಇಲ್ಲವೇ ಕರೆಂಟ್ ಮೀಟರ್‌ನಂತೆ ಬಳಸಿದಷ್ಟಕ್ಕೆ ಸಂಸ್ಥೆ ಬಿಲ್ ಕಟ್ಟಬೇಕು.

ಗ್ರಾಹಕರ ಮಾಹಿತಿ ಜೋಪಾನ

ಚಾಟ್‌ಜಿಪಿಟಿಯ ವೈಯಕ್ತಿಕ ಖಾತೆಯಲ್ಲಿ ಹಾಕಿದ ಮಾಹಿತಿ, ಸೆಟ್ಟಿಂಗ್ ಬದಲಿಸದಿದ್ದರೆ, ಎಐ ತರಬೇತಿಗೆ ಬಳಕೆಯಾಗಬಹುದು. ವ್ಯಾಪಾರದ ಪ್ಲ್ಯಾನ್‌ನಲ್ಲಿ ಹಾಗೆ ಬಳಸುವುದಿಲ್ಲ ಎಂಬುದು ಕಂಪನಿಯ ಭರವಸೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಮಾಹಿತಿಗೆ ಸರಿಯಾದ ಭದ್ರತೆ ಇಡದಿದ್ದರೆ 250 ಕೋಟಿ ರೂ.ವರೆಗೆ ದಂಡಕ್ಕೆ ಅವಕಾಶವಿದೆ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಗೆ ಬರಲಿವೆ. ಕೆಲಸ ಬಿಟ್ಟು ಹೋದ ಹುಡುಗನ ಮೊಬೈಲ್‌ನಲ್ಲಿ ಅಂಗಡಿಯ ಲಾಗಿನ್ ಹಾಗೇ ಉಳಿದರೆ ಗ್ರಾಹಕರ ಫೋನ್ ನಂಬರ್, ಬಾಕಿ ಲೆಕ್ಕ ಎಲ್ಲವೂ ಅವನ ಕೈಯಲ್ಲೇ ಇದ್ದಂತೆ.

ವ್ಯಾಪಾರಿಗಳು ಏನು ಮಾಡಬೇಕು?

* ದಿನವೂ ಬಳಸುವವರು ಎಷ್ಟು ಜನ ಎಂದು ಮೊದಲು ಎಣಿಸಿ. ಐವರಲ್ಲಿ ಇಬ್ಬರು ಮಾತ್ರ ಬಳಸಿದರೆ ಎರಡೇ ಲೈಸೆನ್ಸ್ ಸಾಕು.
* ಅಪರೂಪಕ್ಕೆ ಬಳಸುವವರು ತಮ್ಮದೇ ಹೆಸರಿನ ಫ್ರೀ ಖಾತೆ ಇಟ್ಟುಕೊಳ್ಳಲಿ. ಅದರಲ್ಲಿ ಗ್ರಾಹಕರ ಆಧಾರ್, ಬ್ಯಾಂಕ್ ವಿವರ ಹಾಕುವುದು ಬೇಡ.
* ವ್ಯಾಪಾರದ ಪ್ಲ್ಯಾನ್‌ನಲ್ಲಿ ಕೆಲಸ ಬಿಟ್ಟವರನ್ನು ತೆಗೆದು, ಆ ಜಾಗಕ್ಕೆ ಹೊಸಬರನ್ನು ಸೇರಿಸಬಹುದು. ಇದನ್ನು ಅದೇ ದಿನ ಮಾಡಿ.
* ಬಿಲ್ ಅಂಗಡಿಯ ಹೆಸರು, ಜಿಎಸ್‌ಟಿ ನಂಬರ್‌ನಲ್ಲೇ ಬರುವಂತೆ ನೋಡಿಕೊಳ್ಳಿ.
* ದರಗಳು ಆಗಾಗ ಬದಲಾಗುತ್ತವೆ. ವರ್ಷದ ದುಡ್ಡು ಒಟ್ಟಿಗೆ ಕಟ್ಟುವ ಮುಂಚೆ ಒಂದು ತಿಂಗಳು ಬಳಸಿ ನೋಡಿ.