ಹೆಲಿಕಾಪ್ಟರ್ ಆಂಬುಲೆನ್ಸ್: ಸೈನ್ಯದ್ದೋ, ಖಾಸಗಿಯವರದೋ?

ಕಳೆದ ವಾರ್ಷಿಕ ಮಹಾಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು ಎದ್ದು ನಿಂತು ಒಂದು ಪ್ರಶ್ನೆ ಹಾಕಿದರು. ಪಟ್ಟಣದ ಹಣವಂತರಿಗೆ ರೋಗಿಯನ್ನು ವಿಮಾನದಲ್ಲಿ ಸಾಗಿಸುವ ಅನುಕೂಲ ಇದೆ, ತೋಟದಲ್ಲಿ ಬಿದ್ದವನಿಗೆ ಯಾಕಿಲ್ಲ? ಸೈನ್ಯದ ಹೆಲಿಕಾಪ್ಟರುಗಳನ್ನು ಈ ಕೆಲಸಕ್ಕೆ ಕೊಡಿ ಎಂದು ಸಂಘದ ವತಿಯಿಂದ ಸರ್ಕಾರವನ್ನು ಏಕೆ ಕೇಳಬಾರದು? ಕೂಡಲೇ ಮತ್ತೊಬ್ಬರು, ಸೈನ್ಯಕ್ಕೆ ಅದರದೇ ಕೆಲಸ ಬೇಕಾದಷ್ಟಿದೆ, ಖಾಸಗಿ ಕಂಪೆನಿಗಳಿಗೆ ವಹಿಸುವುದೇ ಸರಿ ಎಂದರು. ಊಟದ ಹೊತ್ತಾಗಿದ್ದರಿಂದ ಚರ್ಚೆ ಅಲ್ಲಿಗೇ ನಿಂತಿತು. ಉತ್ತರವನ್ನು ಪತ್ರಿಕೆಯಲ್ಲಿ ಬರೆಯುವುದಾಗಿ ನಾವು ಒಪ್ಪಿಕೊಂಡಿದ್ದೆವು.

ಪ್ರಶ್ನೆ ಯಾಕೆ ಬಂತೆಂಬುದು ಸಭೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಹೋದ ಕೊಯ್ಲಿನಲ್ಲಿ ನಮ್ಮ ಪಕ್ಕದ ತೋಟದಲ್ಲಿ ಕೊನೆಗಾರನೊಬ್ಬ ಅಡಿಕೆ ಮರದಿಂದ ಬಿದ್ದ. ನಾಲ್ಕು ಜನ ಕೈಕಾಲು ಹಿಡಿದೆತ್ತಿ ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಿದರು. ಘಾಟಿ ಇಳಿದು ದೊಡ್ಡಾಸ್ಪತ್ರೆ ಮುಟ್ಟುವಾಗ ನಾಲ್ಕು ಗಂಟೆ ಕಳೆದಿತ್ತು. ದಾರಿಯಲ್ಲಿ ನಾವು ಒಂದು ಏರ್ ಆಂಬುಲೆನ್ಸ್ ಕಂಪೆನಿಗೆ ಫೋನ್ ಮಾಡಿದೆವು. ಹಣ ಮೊದಲು ಕಟ್ಟಬೇಕು, ರೋಗಿಯನ್ನು ವಿಮಾನ ನಿಲ್ದಾಣದವರೆಗೆ ನೀವೇ ತರಬೇಕು ಎಂಬ ಉತ್ತರ ಬಂತು. ಆತನ ಜೀವ ಉಳಿಯಿತು, ಕಾಲಿಗೆ ಬಲ ಮಾತ್ರ ಬರಲಿಲ್ಲ. ಈ ಘಟನೆಗೆ ಕೊನೆಯಲ್ಲಿ ಮತ್ತೆ ಬರುತ್ತೇವೆ. ಮೊದಲು, ಈ ಸೇವೆ ಹಲವು ವರ್ಷಗಳಿಂದ ನಡೆಯುತ್ತಿರುವ ದೇಶಗಳಲ್ಲಿ ಅದನ್ನು ಯಾರು ನಡೆಸುತ್ತಿದ್ದಾರೆ ಎಂದು ನೋಡೋಣ.

ಸೈನ್ಯದ ದಾರಿ

ಆಕಾಶಮಾರ್ಗದ ರಕ್ಷಣಾ ಕಾರ್ಯ ಬಹಳ ಕಡೆ ಸೈನ್ಯದಿಂದಲೇ ಶುರುವಾಯಿತು. 1946ರ ನವೆಂಬರಿನಲ್ಲಿ ಅಮೆರಿಕದ ಡಕೋಟಾ ವಿಮಾನವೊಂದು ಸ್ವಿಟ್ಜರ್ಲೆಂಡಿನ ಗೌಲಿ ಹಿಮನದಿಯ ಮೇಲೆ ಬಿತ್ತು. ಅದರಲ್ಲಿದ್ದವರು ಹನ್ನೆರಡು ಮಂದಿ. ಐದು ದಿನಗಳ ಮೇಲೆ ಸ್ವಿಸ್ ಸೈನ್ಯದ ಇಬ್ಬರು ವಿಮಾನ ಚಾಲಕರು ಎರಡು ಸಣ್ಣ ವಿಮಾನಗಳನ್ನು ಹಿಮದ ಮೇಲೆಯೇ ಇಳಿಸಿ, ಸರದಿಯಲ್ಲಿ ಹಾರಿ, ಹನ್ನೆರಡು ಜನರನ್ನೂ ಕೆಳಗೆ ತಂದರು. ಬ್ರಿಟನ್ನಿನಲ್ಲಿಯೂ ಸಮುದ್ರ ಮತ್ತು ಬೆಟ್ಟಗಳಲ್ಲಿ ಸಿಕ್ಕಿಬಿದ್ದವರನ್ನು ಎತ್ತಿ ತರುವ ಕೆಲಸವನ್ನು ಅಲ್ಲಿನ ವಾಯುಪಡೆ ಮತ್ತು ನೌಕಾಪಡೆಗಳು ದಶಕಗಳ ಕಾಲ ಮಾಡಿದವು.

ಸೈನ್ಯದ ಗುಣ ಸ್ಪಷ್ಟ. ಯಂತ್ರವಿದೆ, ಕಷ್ಟದಲ್ಲಿ ಹಾರಿ ಪಳಗಿದ ಚಾಲಕರಿದ್ದಾರೆ, ರೋಗಿಗೆ ಬಿಲ್ಲಿಲ್ಲ. ಕೊರತೆಯೂ ಅಷ್ಟೇ ಸ್ಪಷ್ಟ: ಸೈನ್ಯಕ್ಕೆ ಇದು ಎರಡನೆಯ ಕೆಲಸ. ಐರ್ಲೆಂಡಿನಲ್ಲಿ 2012ರಿಂದ ಸೈನ್ಯದ ವಾಯುದಳವು ಅಥ್ಲೋನ್ ಎಂಬ ಊರಿನಿಂದ ಹೆಲಿಕಾಪ್ಟರ್ ಆಂಬುಲೆನ್ಸ್ ನಡೆಸುತ್ತಾ ಬಂತು. ಆದರೆ ಚಾಲಕರ ಕೊರತೆ ಬಿದ್ದಾಗ, 2019ರ ನವೆಂಬರಿನಿಂದ ನಾಲ್ಕು ತಿಂಗಳ ಕಾಲ, ತಿಂಗಳಿಗೆ ನಾಲ್ಕು ದಿನ ಆ ಸೇವೆಯನ್ನು ನಿಲ್ಲಿಸಬೇಕಾಯಿತು. ಆ ದಿನ ನೋಡಿಕೊಂಡು ಯಾರೂ ಗಾಯಗೊಳ್ಳುವುದಿಲ್ಲವಷ್ಟೇ.

ನಮ್ಮ ದೇಶದಲ್ಲಿ ನಾಗರಿಕ ಆಡಳಿತ ಕೇಳಿಕೊಂಡಾಗ ಸೈನ್ಯ ನೆರವಿಗೆ ಬರುತ್ತದೆ. ಕಾಫಿ ಬೆಳೆಯುವ ನೆರೆಯ ವಯನಾಡಿನಲ್ಲಿ 2024ರ ಜುಲೈ 30ರಂದು ಗುಡ್ಡ ಕುಸಿದಾಗ ವಾಯುಪಡೆಯ ಹೆಲಿಕಾಪ್ಟರುಗಳು ಹೊರಟವು. ಹವೆ ಕೆಟ್ಟಿದ್ದರಿಂದ ಮೊದಲು ಇಳಿಯಲಾಗಲಿಲ್ಲ. ಸಂಜೆಯ ಹೊತ್ತಿಗೆ ಇಳಿದು ಗಾಯಾಳುಗಳನ್ನು ಎತ್ತಿದವು. ಊರಿಗೆ ಊರೇ ಕೊಚ್ಚಿಹೋದಾಗ ಇಂಥ ನೆರವಿಗೆ ಬದಲಿಲ್ಲ. ಆದರೆ ಒಬ್ಬ ಕೊನೆಗಾರ ಬಿದ್ದನೆಂದು ಜಿಲ್ಲಾಡಳಿತವು ಸೈನ್ಯಕ್ಕೆ ಬರೆದು, ಅನುಮತಿ ಬಂದು, ಹೆಲಿಕಾಪ್ಟರ್ ಹೊರಡುವುದು ನಡೆಯುವ ಮಾತಲ್ಲ.

ಖಾಸಗಿಯವರ ದಾರಿ

ಖಾಸಗಿ ಎಂದ ಕೂಡಲೇ ಒಂದೇ ತಟ್ಟೆಯಲ್ಲಿ ಹಾಕಿ ತೂಗುವಂತಿಲ್ಲ. ಅದರಲ್ಲಿ ಎರಡು ಬಗೆ ಇದೆ.

ಒಂದು, ಸಾಗಿಸಿದ ಮೇಲೆ ರೋಗಿಯಿಂದಲೋ ಆತನ ವಿಮೆಯಿಂದಲೋ ಹಣ ವಸೂಲು ಮಾಡುವುದು. ಅಮೆರಿಕದಲ್ಲಿ ಇದು ದೊಡ್ಡದಾಗಿ ಬೆಳೆಯಿತು. ಹೆಲಿಕಾಪ್ಟರುಗಳ ಸಂಖ್ಯೆ ಹೆಚ್ಚಿತು, ದೂರದ ಹಳ್ಳಿಗಳಿಗೂ ಸೇವೆ ಸಿಕ್ಕಿತು, ಇದನ್ನು ಒಪ್ಪಬೇಕು. ಆದರೆ 2017ರಲ್ಲಿ ಅಲ್ಲಿ ಹೆಲಿಕಾಪ್ಟರಿನ ಒಂದು ಸಾಗಾಟಕ್ಕೆ ಹಾಕಿದ ಬಿಲ್ಲುಗಳನ್ನು ಸಾಲಾಗಿ ಇಟ್ಟರೆ ನಡುವಿನ ಬಿಲ್ಲೇ ಸುಮಾರು 36,400 ಡಾಲರು! ಪ್ರಜ್ಞೆ ಇಲ್ಲದೆ ಮಲಗಿದವನು ದರ ಕುದುರಿಸಲಾರ. ಕೊನೆಗೆ ಅಲ್ಲಿನ ಸಂಸತ್ತೇ ಕಾನೂನು ಮಾಡಿ, 2022ರ ಜನವರಿಯಿಂದ ವಿಮೆ ಇರುವ ರೋಗಿಗೆ ಇಂಥ ಅನಿರೀಕ್ಷಿತ ಬಿಲ್ಲು ಕಳಿಸುವುದನ್ನು ತಡೆಯಬೇಕಾಯಿತು. ಹಾರಿದರೆ ಮಾತ್ರ ಆದಾಯ ಎಂಬ ಏರ್ಪಾಟಿನಲ್ಲಿ ಇನ್ನೊಂದು ಅಪಾಯವಿದೆ: ಮಂಜು ಕವಿದಾಗ ‘ಇವತ್ತು ಬೇಡ’ ಎನ್ನುವುದು ಕಷ್ಟವಾಗುತ್ತದೆ. 2008ರಲ್ಲಿ ಅಲ್ಲಿ ಇಂಥ ಹೆಲಿಕಾಪ್ಟರುಗಳ ಅಪಘಾತ ಬಹಳವಾಗಿ, ಮರುವರ್ಷ ಸಾರಿಗೆ ಸುರಕ್ಷತಾ ಮಂಡಳಿ ಬಹಿರಂಗ ವಿಚಾರಣೆಯನ್ನೇ ನಡೆಸಿತು.

ಎರಡನೆಯದು, ಸರ್ಕಾರವೇ ಹಣ ಕೊಟ್ಟು ಕಂಪೆನಿಗೆ ಗುತ್ತಿಗೆ ಕೊಡುವುದು. ಬ್ರಿಟನ್ 2013ರಲ್ಲಿ ಬ್ರಿಸ್ಟೋ ಹೆಲಿಕಾಪ್ಟರ್ಸ್ ಎಂಬ ಕಂಪೆನಿಯೊಂದಿಗೆ ಸುಮಾರು 160 ಕೋಟಿ ಪೌಂಡಿನ ಹತ್ತು ವರ್ಷದ ಗುತ್ತಿಗೆ ಮಾಡಿಕೊಂಡಿತು. 2015ರಿಂದ ಆ ಕಂಪೆನಿ ಸೈನ್ಯದ ಜಾಗಕ್ಕೆ ಬಂತು. ಕರೆ ಹೋಗುವುದು ಸರ್ಕಾರದ ಕರಾವಳಿ ಕಾವಲು ಇಲಾಖೆಗೆ, ಹಾರುವುದು ಕಂಪೆನಿ, ರಕ್ಷಣೆ ಪಡೆದವನಿಗೆ ಬಿಲ್ಲಿಲ್ಲ. ನಮ್ಮಲ್ಲಿ 2024ರ ಅಕ್ಟೋಬರಿನಲ್ಲಿ ಋಷಿಕೇಶದ ಏಮ್ಸ್ ಆಸ್ಪತ್ರೆಯಿಂದ ಆರಂಭವಾದ ‘ಸಂಜೀವನಿ’ ಹೆಲಿಕಾಪ್ಟರ್ ಸೇವೆಯದೂ ಹೆಚ್ಚುಕಡಿಮೆ ಇದೇ ಮಾದರಿ: ಸರ್ಕಾರದ ಹಣ, ಆಸ್ಪತ್ರೆಯ ವೈದ್ಯರು. 2025ರ ಮೇ ತಿಂಗಳಲ್ಲಿ ಕೇದಾರನಾಥದಲ್ಲಿ ಇಳಿಯುವಾಗ ಆ ಹೆಲಿಕಾಪ್ಟರ್ ಅಪಘಾತಕ್ಕೀಡಾಯಿತು. ಒಳಗಿದ್ದವರು ಪಾರಾದರು. ಬೆಟ್ಟದ ಹಾರಾಟ ಯಾರು ನಡೆಸಿದರೂ ಸುಲಭವಲ್ಲ ಎಂಬುದಕ್ಕೆ ಇದೊಂದು ಎಚ್ಚರಿಕೆ.

ಮೂರನೆಯ ದಾರಿ

ಸಹಕಾರಿಗಳಾದ ನಾವು ಹೆಚ್ಚು ಗಮನಿಸಬೇಕಾದದ್ದು ಸ್ವಿಟ್ಜರ್ಲೆಂಡಿನ ಮುಂದಿನ ಕಥೆಯನ್ನು. ಗೌಲಿಯ ಘಟನೆಯ ನಂತರ, 1952ರಲ್ಲಿ, ಅಲ್ಲಿ ರೇಗಾ ಎಂಬ ಸಂಸ್ಥೆ ಹುಟ್ಟಿತು. ಅದು ಸೈನ್ಯದ್ದಲ್ಲ, ಲಾಭದ ಕಂಪೆನಿಯೂ ಅಲ್ಲ. ಹಣದ ಮುಗ್ಗಟ್ಟು ಬಂದಾಗ 1966ರಲ್ಲಿ ಅದು ಜನರ ಮುಂದೆಯೇ ಕೈಯೊಡ್ಡಿತು: ವರ್ಷಕ್ಕೊಂದು ಸಣ್ಣ ವಂತಿಗೆ ಕೊಡಿ, ನಿಮಗೆ ಆಪತ್ತು ಬಂದಾಗ ವಿಮೆ ಭರಿಸದ ಖರ್ಚನ್ನು ನಾವು ಬಿಟ್ಟುಬಿಡುತ್ತೇವೆ. ಇಂದು ಅದಕ್ಕೆ 35 ಲಕ್ಷಕ್ಕೂ ಹೆಚ್ಚು ವಂತಿಗೆದಾರರಿದ್ದಾರೆ. ಆ ದೇಶದ ಜನಸಂಖ್ಯೆಯೇ ಸುಮಾರು 90 ಲಕ್ಷ. ಒಬ್ಬರಿಗೆ ವರ್ಷದ ವಂತಿಗೆ ನಲವತ್ತು ಫ್ರಾಂಕಿನ ಸುಮಾರು. ಬೆಟ್ಟದ ರೈತರ ಹಸು ಕಾಲು ಮುರಿದುಕೊಂಡು ಕಮರಿಯಲ್ಲಿ ಬಿದ್ದರೆ ಅದನ್ನೂ ಬಲೆಯಲ್ಲಿ ಕಟ್ಟಿ ಎತ್ತಿ ತರುತ್ತಾರೆ ಎಂದರೆ ನಮ್ಮ ಸದಸ್ಯರಿಗೆ ಸಂತೋಷವಾದೀತು.

ಬ್ರಿಟನ್ನಿನಲ್ಲಿ ಗಾಯಾಳುಗಳನ್ನು ಆಸ್ಪತ್ರೆಗೆ ಒಯ್ಯುವ ಹೆಲಿಕಾಪ್ಟರುಗಳೂ ಬಹುಪಾಲು ಜನರ ದೇಣಿಗೆಯಿಂದಲೇ ಹಾರುತ್ತವೆ. ಮೊದಲನೆಯದು 1987ರಲ್ಲಿ ಕಾರ್ನ್‌ವಾಲಿನಲ್ಲಿ ಆರಂಭವಾಯಿತು. ರಾಜಕುಮಾರ ವಿಲಿಯಂ ಮೊದಲು ವಾಯುಪಡೆಯ ರಕ್ಷಣಾ ಹೆಲಿಕಾಪ್ಟರ್ ನಡೆಸಿ, ಆಮೇಲೆ 2015ರಿಂದ 2017ರವರೆಗೆ ಇಂಥದೊಂದು ದೇಣಿಗೆಯ ಆಂಬುಲೆನ್ಸಿನಲ್ಲಿ ಚಾಲಕರಾಗಿದ್ದರು. ಹಾರುವ ಕೈ ಅದೇ, ಹಿಂದಿನ ಏರ್ಪಾಟು ಮಾತ್ರ ಬೇರೆ.

ಆದ್ದರಿಂದ ನಮ್ಮ ಅಭಿಪ್ರಾಯವಿಷ್ಟು. ಸೈನ್ಯವೋ ಖಾಸಗಿಯೋ ಎಂಬುದಕ್ಕಿಂತ ಮೊದಲು ಮೂರು ವಿಷಯ ಕೇಳಬೇಕು. ಕರೆ ಬಾರದ ದಿನವೂ ಚಾಲಕ, ವೈದ್ಯ, ಯಂತ್ರ ಸಿದ್ಧವಾಗಿ ಕಾಯುವುದಕ್ಕೆ ಹಣ ಯಾರದು? ಹಾರಬೇಕೋ ಬೇಡವೋ ಎಂದು ತೀರ್ಮಾನಿಸುವವರಿಗೆ ಅದರಿಂದ ಲಾಭವಿದೆಯೇ? ನಡೆಸುವವರಿಗೆ ಇದಕ್ಕಿಂತ ಮುಖ್ಯವಾದ ಬೇರೆ ಕೆಲಸವಿದೆಯೇ? ಈ ಮೂರನ್ನೂ ತೂಗಿ ನೋಡಿದರೆ, ನೆರೆ ಮತ್ತು ಗುಡ್ಡ ಕುಸಿತಕ್ಕೆ ಸೈನ್ಯವೇ ಸರಿ. ದಿನನಿತ್ಯದ ಅಪಘಾತಕ್ಕೆ, ಹಣವನ್ನು ಮೊದಲೇ ಕೂಡಿಟ್ಟ ಸಾರ್ವಜನಿಕ ಏರ್ಪಾಟು ಬೇಕು; ಹಾರಿಸುವವರು ಗುತ್ತಿಗೆಯ ಕಂಪೆನಿಯಾದರೂ ಅಡ್ಡಿಯಿಲ್ಲ, ರೋಗಿಯ ಕೈಗೆ ಬಿಲ್ಲು ಬರಬಾರದು.

ಇದು ನಮಗೆ ಹೊಸ ಮಾತೇನಲ್ಲ. 2003ರಲ್ಲಿ ಯಶಸ್ವಿನಿ ಯೋಜನೆ ಬಂದಾಗ ಸಹಕಾರ ಸಂಘಗಳ ಸದಸ್ಯರು ತಿಂಗಳಿಗೆ ಐದು ರೂಪಾಯಿಯ ಲೆಕ್ಕದಲ್ಲಿ ಹಣ ಕೂಡಿಸಿ ಶಸ್ತ್ರಚಿಕಿತ್ಸೆಯ ಖರ್ಚನ್ನು ಹಂಚಿಕೊಂಡರು. 2018ರಲ್ಲಿ ಅದು ನಿಂತಾಗ ಆದ ತೊಂದರೆಯೂ, 2022ರಲ್ಲಿ ನೋಂದಣಿ ಮತ್ತೆ ಶುರುವಾದದ್ದೂ ನಮಗೆ ನೆನಪಿದೆ. ಮಲೆನಾಡಿಗೆ ಹೆಲಿಕಾಪ್ಟರ್ ಸೇವೆ ಕೇಳುವುದಾದರೆ ಸಹಕಾರ ಸಂಘಗಳೆಲ್ಲ ಸೇರಿ, ಸರ್ಕಾರದ ಪಾಲಿನ ಜೊತೆಗೆ ನಮ್ಮ ಪಾಲನ್ನೂ ಮುಂದಿಟ್ಟು ಕೇಳುವುದು ಗೌರವ.

ನಮ್ಮ ಕೈಯಲ್ಲಿರುವುದು

ಈಗ ಆ ಕೊನೆಗಾರನ ವಿಷಯ. ಅಂದು ಹೆಲಿಕಾಪ್ಟರ್ ಇದ್ದಿದ್ದರೂ ಎಲ್ಲಿ ಇಳಿಯುತ್ತಿತ್ತು? ಅದಕ್ಕೆ ಸುಮಾರು ಮೂವತ್ತು ಮೀಟರ್ ಉದ್ದಗಲದ ಸಮತಟ್ಟು ಜಾಗ ಬೇಕು. ಸುತ್ತ ಸಿಲ್ವರ್ ಓಕ್ ಇರಬಾರದು, ಮೇಲೆ ವಿದ್ಯುತ್ ತಂತಿ ಇರಬಾರದು. ಕಾಫಿ ಕಣದಲ್ಲಿ ಇಳಿಯುವುದಾದರೆ ಹಾಸಿದ ಟಾರ್ಪಾಲು ರೆಕ್ಕೆಯ ಗಾಳಿಗೆ ಎದ್ದು ಯಂತ್ರಕ್ಕೇ ಸುತ್ತಿಕೊಂಡೀತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಮತ್ತು ಮಂಜಿನಲ್ಲಿ ಎಷ್ಟೋ ದಿನ ಯಾರ ಹೆಲಿಕಾಪ್ಟರೂ ಬರಲಾರದು. ಅಂಥ ದಿನ ನಮಗೆ ರಸ್ತೆಯೇ ಗತಿ, 108 ಗಾಡಿಯೇ ಗತಿ.

ಇನ್ನೊಂದು ಮಾತನ್ನು ಬಚ್ಚಿಡದೆ ಹೇಳಬೇಕು. ಬೆನ್ನುಹುರಿಗೆ ಪೆಟ್ಟಾದವನನ್ನು ಕೈಕಾಲು ಹಿಡಿದು ಎತ್ತಿದರೆ ಉಳಿಯಬಹುದಾಗಿದ್ದ ಬಲವೂ ಹೋಗಬಹುದು. ಅಂದು ಎತ್ತಿದವರಲ್ಲಿ ನಾವೂ ಒಬ್ಬರು. ಮರದಿಂದ ಬಿದ್ದವನನ್ನು ಅಲುಗಿಸದೆ, ತಲೆಯನ್ನು ಎರಡೂ ಕೈಯಿಂದ ಸ್ಥಿರವಾಗಿ ಹಿಡಿದು, 108ಕ್ಕೆ ಕರೆ ಮಾಡಬೇಕು. ಸಾಗಿಸಲೇಬೇಕಾಗಿ ಬಂದರೆ ತಲೆ, ಕುತ್ತಿಗೆ, ಬೆನ್ನು ಒಂದೇ ಗೆರೆಯಲ್ಲಿರುವಂತೆ ಐದಾರು ಜನ ಒಟ್ಟಿಗೆ ಹೊರಳಿಸಿ, ಅಗಲವಾದ ಹಲಗೆಯ ಮೇಲೆ ಮಲಗಿಸಿ ಕಟ್ಟಬೇಕು. ಇದಕ್ಕೆ ಸೈನ್ಯವೂ ಬೇಡ, ಕಂಪೆನಿಯೂ ಬೇಡ.

ಮುಂದಿನ ಸಭೆಗೆ ಮೂರು ಸೂಚನೆಗಳನ್ನು ಇಡಲಿದ್ದೇವೆ. ಸಂಘದ ಪ್ರತಿ ಗೋದಾಮಿನಲ್ಲಿ ಪಟ್ಟಿಗಳಿರುವ ಒಂದು ಹಲಗೆ ಸ್ಟ್ರೆಚರ್ ಇಡುವುದು. ಕೊಯ್ಲಿಗೆ ಮೊದಲು ಕೊನೆಗಾರರಿಗೂ ತೋಟದ ಆಳುಗಳಿಗೂ ನಮಗೂ ಒಂದು ದಿನದ ಪ್ರಥಮ ಚಿಕಿತ್ಸೆಯ ತರಬೇತಿ. ಪ್ರತಿ ಗ್ರಾಮದಲ್ಲಿ ಹೆಲಿಕಾಪ್ಟರ್ ಇಳಿಯಬಹುದಾದ ಶಾಲಾ ಮೈದಾನ ಅಥವಾ ಬಯಲನ್ನು ಗುರುತಿಸಿ ತಹಸೀಲ್ದಾರರಿಗೆ ಪಟ್ಟಿ ಕೊಡುವುದು. ಬೆಂಕಿ ಬಿದ್ದಾಗ ಬಾವಿ ತೋಡುವುದು ಬೇಡ. ಸದಸ್ಯರು ತಮ್ಮ ಅಭಿಪ್ರಾಯಗಳನ್ನು ಕಚೇರಿಗೆ ಬರೆದು ತಿಳಿಸಬೇಕಾಗಿ ವಿನಂತಿ.