ಗೋಡೆ, ಗೋದಾಮು ಮತ್ತು ನೋಡುಗ: ಸಸೂನ್ ಡಾಕ್ ಕಲಾಪ್ರದರ್ಶನವನ್ನು ಕುರಿತು

ಬೀದಿಯ ಭಿತ್ತಿಚಿತ್ರ ಜನರದು, ಗ್ಯಾಲರಿಯ ಕಲಾಕೃತಿ ಉಳ್ಳವರದು ಎಂಬ ವಿಂಗಡಣೆ ನಮ್ಮ ಕಲಾಚರ್ಚೆಗಳಲ್ಲಿ ಬಹುಮಟ್ಟಿಗೆ ಒಪ್ಪಿತವಾದುದು. ಇವೆರಡೂ ಒಂದೇ ಉತ್ಸವದ ಅಂಗಗಳಾಗಿ ಅಕ್ಕಪಕ್ಕ ನಿಂತಾಗ ಈ ವಿಂಗಡಣೆ ಎಷ್ಟರಮಟ್ಟಿಗೆ ಉಳಿಯುತ್ತದೆ? 2017ರ ಕೊನೆಯಲ್ಲಿ ಮುಂಬಯಿಯ ಸಸೂನ್ ಡಾಕ್‌ನಲ್ಲಿ ನಡೆದ ಕಲಾಯೋಜನೆಯನ್ನು ಮುಂದಿಟ್ಟುಕೊಂಡು ಇದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಯೋಜನೆಯನ್ನು ರೂಪಿಸಿದ ಸ್ಟಾರ್ಟ್ ಇಂಡಿಯಾ ಫೌಂಡೇಶನ್ 2014ರಿಂದ ನಗರಗಳ ಗೋಡೆಗಳ ಮೇಲೆ ಕೆಲಸ ಮಾಡುತ್ತ ಬಂದ ಸಂಸ್ಥೆ. ದೆಹಲಿಯ ಅಂದಿನ ಪೊಲೀಸ್ ಕೇಂದ್ರ ಕಚೇರಿಯ ಮೇಲಿನ ಗಾಂಧೀಜಿಯ ಬೃಹತ್ ಭಾವಚಿತ್ರ ಅದರ ಆರಂಭದ ಕೃತಿಗಳಲ್ಲೊಂದು. 2016ರಲ್ಲಿ ಲೋಧಿ ಕಾಲೊನಿಯ ಸರ್ಕಾರಿ ವಸತಿಗೃಹಗಳ ಗೋಡೆಗಳಿಗೆ ಚಿತ್ರ ಬರೆಯಿಸಿದ ಕಾಲಕ್ಕೇ ತುಘಲಕಾಬಾದಿನ ಒಳನಾಡು ಬಂದರಿನಲ್ಲಿ ಸರಕುಪೆಟ್ಟಿಗೆಗಳನ್ನೇ ಆಸರೆಯಾಗಿಸಿಕೊಂಡು ಅದು ಸಮೂಹ ಪ್ರದರ್ಶನವೊಂದನ್ನು ನಡೆಸಿತು. ಬೀದಿಯ ಜೊತೆಗೊಂದು ಪ್ರದರ್ಶನ, ಆ ಪ್ರದರ್ಶನಕ್ಕೆ ದುಡಿಮೆಯ ಜಾಗವೊಂದು ಎಂಬ ಮಾದರಿ ಅಲ್ಲಿ ಕಾಣಿಸಿಕೊಂಡಿತು. ಅದೇ ಮಾದರಿ ಮರುವರ್ಷ ಮುಂಬಯಿಗೆ ಬಂದಿತು.

ಸಸೂನ್ ಡಾಕ್ ಬರಿಯ ಹಿನ್ನೆಲೆಯಲ್ಲ. ಬಾಗ್ದಾದಿ ಯಹೂದಿ ವರ್ತಕ ಮನೆತನದ ಆಲ್ಬರ್ಟ್ ಸಸೂನ್ ಕೊಲಾಬಾದಲ್ಲಿ 1875ರಲ್ಲಿ ಕಟ್ಟಿಸಿದ ಈ ಹಡಗುಕಟ್ಟೆ ಮೊದಲು ಹತ್ತಿಯ ವ್ಯಾಪಾರಕ್ಕೆ ಒದಗಿ, ಆಮೇಲೆ ನಗರದ ಬಹುದೊಡ್ಡ ಮೀನುಪೇಟೆಗಳಲ್ಲೊಂದಾಯಿತು. ನಸುಕಿನಲ್ಲಿ ಮೀನಿನ ಹರಾಜು, ಸಿಗಡಿ ಸುಲಿಯುವ ಹೆಂಗಸರ ಸಾಲು, ಮಂಜುಗಡ್ಡೆಯ ಗಾಡಿಗಳು, ಇವುಗಳ ನಡುವೆಯೇ ಪ್ರದರ್ಶನ ತೆರೆದುಕೊಂಡಿತು. ಬಿಳಿಗೋಡೆಯ ಗ್ಯಾಲರಿ ಮೊದಲು ಹೊರಗಿಡುವುದು ವಾಸನೆಯನ್ನು. ಇಲ್ಲಿ ಅದನ್ನು ಹೊರಗಿಡುವುದು ಸಾಧ್ಯವೇ ಇರಲಿಲ್ಲ. ಅಷ್ಟರಮಟ್ಟಿಗೆ ಈ ಸ್ಥಳದ ಆಯ್ಕೆ ದಿಟ್ಟತನದ್ದೆಂದೇ ನನ್ನ ಭಾವನೆ.

ಆದರೆ ಕೃತಿಗಳು ಯಾರನ್ನು ಉದ್ದೇಶಿಸಿ ಮಾತನಾಡುತ್ತವೆ ಎಂದು ಕೇಳಿದಾಗ ತೊಡಕು ಎದುರಾಗುತ್ತದೆ. ಸಿಂಗಪುರದ ಕಲಾವಿದೆ ತಾನ್ ಜಿ ಶಿ ಅವರ ‘ಪ್ಲಾಸ್ಟಿಕ್ ಓಷನ್’ ಪ್ರತಿಷ್ಠಾಪನೆಯಲ್ಲಿ ಪ್ಲಾಸ್ಟಿಕ್ ತ್ಯಾಜ್ಯ ತಲೆಯ ಮೇಲೆ ದಟ್ಟವಾಗಿ ತೂಗುತ್ತದೆ; ಅದರಡಿ ನಡೆಯುವ ನೋಡುಗ ತಾನೇ ಕಡಲೊಳಗಿನ ಮೀನಾಗುತ್ತಾನೆ. ಕೃತಿ ಪರಿಣಾಮಕಾರಿಯಾದುದು, ಸಂದೇಹವಿಲ್ಲ. ಆದರೆ ಬಲೆಯಲ್ಲಿ ಮೀನಿನೊಡನೆ ಪ್ಲಾಸ್ಟಿಕ್ಕನ್ನೂ ಎಳೆಯುವ ಬೆಸ್ತನಿಗೆ ಅದು ಹೊಸತೇನನ್ನು ಹೇಳೀತು? ಕೃತಿ ನಿಂತಿರುವುದು ಅವನ ಅಂಗಳದಲ್ಲಿ. ಅದರ ಮಾತು ಮಾತ್ರ ಅವನನ್ನು ದಾಟಿ, ನಗರದಿಂದ ಬಂದ ಅತಿಥಿಗೆ ಸಲ್ಲುತ್ತದೆ.

‘ಇನ್‌ಸೈಡ್ ಔಟ್’ ಭಾವಚಿತ್ರಗಳ ಸಂಗತಿ ಬೇರೆ. ಫ್ರೆಂಚ್ ಕಲಾವಿದ ಜೆಆರ್ 2011ರಲ್ಲಿ ಆರಂಭಿಸಿದ ಈ ಯೋಜನೆಯ ಕ್ರಮದಂತೆ, ಡಾಕಿನ ಕೋಲಿ ಸಮುದಾಯದವರ ಕಪ್ಪುಬಿಳುಪು ಮುಖಗಳನ್ನು ದೊಡ್ಡದಾಗಿ ಅಚ್ಚುಮಾಡಿ ಗೋಡೆಗೆ ಅಂಟಿಸಲಾಯಿತು. ಕೋಲಿಗಳು ಮುಂಬಯಿಯ ಮೂಲನಿವಾಸಿಗಳು. ನಗರಕ್ಕೆ ಹೆಸರು ಕೊಟ್ಟ ಮುಂಬಾದೇವಿ ಅವರ ದೇವತೆ. ಹೋರ್ಡಿಂಗುಗಳಲ್ಲಿ ಸಿನಿಮಾ ತಾರೆಯರಿಗೆ ಸಲ್ಲುವ ಗಾತ್ರ ಇಲ್ಲಿ ಮೀನು ಮಾರುವವರಿಗೆ ಸಂದಿತು. ತಮ್ಮವರ ಮುಖವನ್ನು ಗುರುತಿಸಬಲ್ಲ ನೋಡುಗರು ಇಲ್ಲಿ ಸ್ಥಳೀಯರೇ. ಹೊರಗಿನವನಿಗೆ ಅವು ಬರಿಯ ‘ಕೋಲಿ ಮುಖ’ಗಳು. ಆದರೂ ಇದು ಪೂರ್ಣ ಸಮಾಧಾನವಲ್ಲ. ಮಲೆನಾಡಿನ ದೀವರ ಹೆಣ್ಣುಮಕ್ಕಳು ಮದುವೆಗೆ ಹಸೆ ಚಿತ್ತಾರ ಬರೆಯುವಾಗ ಗೋಡೆಯೂ ಕೈಯೂ ಕಣ್ಣೂ ಒಂದೇ ಮನೆಯವು. ಡಾಕಿನಲ್ಲಿ ಮುಖ ಕೋಲಿಗಳದು, ಗೋಡೆ ಪೋರ್ಟ್ ಟ್ರಸ್ಟಿನದು, ಬಣ್ಣದ ಬೆಂಬಲ ಏಷ್ಯನ್ ಪೇಂಟ್ಸ್‌ನದು.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಸಸೂನ್ ಡಾಕ್‌ನಲ್ಲಿ ಸಾಮಾನ್ಯವಾಗಿ ಛಾಯಾಗ್ರಹಣ ನಿಷಿದ್ಧವಾಗಿತ್ತು. ಪ್ರದರ್ಶನದ ಆವರಣದಲ್ಲಿ ಮಾತ್ರ ಮೊಬೈಲುಗಳು ಯಥೇಚ್ಛವಾಗಿ ಮೇಲೆದ್ದವು. 2022ರ ಡಿಸೆಂಬರಿನಲ್ಲಿ ಮುಂಬಯಿ ನಗರ ಕಲೋತ್ಸವದ ಅಂಗವಾಗಿ ಕಡಲು ಮತ್ತು ನಗರದ ನಡುವಣ ಸಂಬಂಧವನ್ನೇ ವಸ್ತುವಾಗಿಸಿಕೊಂಡ ಪ್ರದರ್ಶನವೊಂದು ಇದೇ ಡಾಕಿಗೆ ಮರಳಿತು. ನೋಡುಗರು ಮತ್ತೆ ಬಂದರು. ಬೆಳಗಿನ ಹರಾಜು ಅಷ್ಟರಲ್ಲಿ ಮುಗಿದಿರುತ್ತಿತ್ತು.