ಅರ್ಧ ಜಾಗದಲ್ಲಿ ಪೂರ್ತಿ ಚಿತ್ರ: ಹಳೆಯ ಅಮಿಗಾದ ಲೆಕ್ಕಾಚಾರ

ಮೊಬೈಲಿಗೆ ಬಂದ ಫೋಟೊ ಹಿಗ್ಗಿಸಿ ನೋಡಿದರೆ ಚೌಕ ಚೌಕವಾಗಿ ಒಡೆದು ಕಾಣುವುದು ನಮಗೆಲ್ಲ ಗೊತ್ತು. ಚಿತ್ರವನ್ನು ಚಿಕ್ಕದು ಮಾಡುವಾಗ ಅದರೊಳಗಿನ ಒಂದಿಷ್ಟು ಮಾಹಿತಿಯನ್ನು ಬಿಟ್ಟುಕೊಟ್ಟಿರುತ್ತಾರೆ. ಅದು ಮರಳಿ ಸಿಗುವುದಿಲ್ಲ. ಈ ಲೆಕ್ಕ ಇಂದಿನದಲ್ಲ. 1987ರಲ್ಲಿ ಮಾರುಕಟ್ಟೆಗೆ ಬಂದ ಕೊಮೊಡೋರ್ ಕಂಪನಿಯ ಅಮಿಗಾ 500 ಎಂಬ ಮನೆ ಕಂಪ್ಯೂಟರನ್ನೇ ನೋಡಿ.

ಅದರಲ್ಲಿದ್ದದ್ದು 512 ಕಿಲೋಬೈಟ್ ಮೆಮರಿ, ಜೊತೆಗೆ 880 ಕಿಲೋಬೈಟಿನ ಫ್ಲಾಪಿ. ತೋರಿಸಬಲ್ಲ ಬಣ್ಣಗಳು ಮಾತ್ರ 4096! ಪ್ರತಿ ಚುಕ್ಕೆಗೂ ಪೂರ್ತಿ ಬಣ್ಣ ಬರೆದಿಡಲು 12 ಬಿಟ್ ಬೇಕು. ಅಡ್ಡಕ್ಕೆ 320, ಉದ್ದಕ್ಕೆ 256 ಚುಕ್ಕೆಗಳ ಒಂದೇ ಚಿತ್ರಕ್ಕೆ 1,22,880 ಬೈಟ್, ಅಂದರೆ ಮೆಮರಿಯ ಹೆಚ್ಚುಕಡಿಮೆ ಕಾಲು ಭಾಗ ಹೋಗುತ್ತಿತ್ತು.

ಇದಕ್ಕೆ ಕಂಡುಕೊಂಡ ಉಪಾಯದ ಹೆಸರು 'ಹ್ಯಾಮ್'. ಚುಕ್ಕೆಗೆ 6 ಬಿಟ್ ಮಾತ್ರ. ಆ ಚುಕ್ಕೆ ಒಂದೋ ಮೊದಲೇ ಆರಿಸಿಟ್ಟ 16 ಬಣ್ಣಗಳಲ್ಲಿ ಒಂದಾಗಬೇಕು, ಇಲ್ಲವೇ ಎಡಗಡೆಯ ಚುಕ್ಕೆಯ ಬಣ್ಣವನ್ನೇ ಪಡೆದು ಕೆಂಪು, ಹಸಿರು, ನೀಲಿಗಳಲ್ಲಿ ಯಾವುದಾದರೂ ಒಂದನ್ನು ಮಾತ್ರ ಬದಲಿಸಿಕೊಳ್ಳಬೇಕು. ಜಾಗ ಅರ್ಧಕ್ಕಿಳಿಯಿತು: 61,440 ಬೈಟ್.

ಮುಖ, ಆಕಾಶ, ಹೂವಿನ ದಳದಂತಹ ನಿಧಾನವಾಗಿ ಬಣ್ಣ ಬದಲಾಗುವ ಚಿತ್ರಗಳು ಇದರಲ್ಲಿ ಸೊಗಸಾಗಿ ಕಾಣುತ್ತಿದ್ದವು. ತೊಂದರೆ ಇದ್ದದ್ದು ಅಂಚಿನಲ್ಲಿ. ಕಪ್ಪಿನ ಪಕ್ಕ ಬಿಳಿ ಬರಬೇಕು, ಆದರೆ ಬಿಳಿ ಆ 16ರಲ್ಲಿ ಇಲ್ಲ ಎನ್ನಿ. ಮೊದಲು ಕೆಂಪು, ಮುಂದಿನ ಚುಕ್ಕೆಯಲ್ಲಿ ಹಳದಿ, ಮೂರನೆಯದರಲ್ಲಿ ಬಿಳಿ! ನಡುವೆ ಉಳಿಯುವುದು ಬಣ್ಣದ ಕಲೆ. ಒಂದೊಂದು ಚುಕ್ಕೆಯೂ ಎಡಗಡೆಯದನ್ನು ನಂಬಿಕೊಂಡಿದ್ದರಿಂದ ನಡುವೆ ಒಂದನ್ನು ತಿದ್ದಿದರೆ ಬಲಗಡೆಯ ಸಾಲೂ ಕೆಡುತ್ತಿತ್ತು. ಓಡಾಡುವ ಗೊಂಬೆಗಳ ಆಟಗಳಿಗೆ ಹ್ಯಾಮ್ ಅಷ್ಟಾಗಿ ಒಗ್ಗದಿದ್ದುದು ಇದಕ್ಕೇ.

1992ರಲ್ಲಿ ಜೆಪೆಗ್ ಅಂತರರಾಷ್ಟ್ರೀಯ ಮಾನಕವಾಯಿತು. ಅದು ಚಿತ್ರವನ್ನು 8×8 ಚುಕ್ಕೆಗಳ ಚೌಕಗಳಾಗಿ ಕತ್ತರಿಸಿ, ಕಣ್ಣಿಗೆ ಅಷ್ಟಾಗಿ ಕಾಣದ ಸೂಕ್ಷ್ಮಗಳನ್ನು ಒರಟಾಗಿ ಬರೆದಿಡುತ್ತದೆ. ಫ್ಲಾಪಿಯಲ್ಲಿ ಜಾಗ ಬಹಳ ಉಳಿಯಿತು, ನಿಜ. ಆದರೆ ಬಿಚ್ಚುವ ಕೆಲಸ ಯಾರದು? ಅಮಿಗಾದ 68000 ಪ್ರೊಸೆಸರ್ ಸೆಕೆಂಡಿಗೆ ಸುಮಾರು 70 ಲಕ್ಷ ಸಲ ಮಿಡಿಯುತ್ತಿತ್ತು. ಒಂದು ಗುಣಾಕಾರಕ್ಕೇ 70 ಮಿಡಿತದವರೆಗೆ ಬೇಕಾಗುತ್ತಿತ್ತು. ಒಂದು ಚಿತ್ರದಲ್ಲಿ ಇಂಥ ಗುಣಾಕಾರಗಳು ಲಕ್ಷಗಟ್ಟಲೆ. ದೊಡ್ಡ ಚಿತ್ರವಾದರೆ ಚಹಾ ಕುಡಿದು ಬರಬಹುದಿತ್ತು. ಕೊನೆಗೆ ಪರದೆಗೆ ಬರಲು ಅದು ಮತ್ತೆ ಹ್ಯಾಮ್ ಆಗಬೇಕಿತ್ತು. ಒಂದು ಸಲ ಕಳೆದುಕೊಂಡದ್ದರ ಮೇಲೆ ಇನ್ನೊಂದು ಸಲ ನಷ್ಟ.

ಎರಡು ವಿಧಾನಗಳೂ ಎಡವುವುದು ಚೂಪಾದ ಅಂಚಿನಲ್ಲೇ ಎಂಬುದನ್ನು ಗಮನಿಸಿ. ನಮ್ಮ ಒತ್ತಕ್ಷರಗಳಲ್ಲಿ ಇರುವುದೆಲ್ಲ ಅಂಚೇ. ಮನೆಯಲ್ಲಿರುವ ಹಳೆಯ ಕನ್ನಡ ಪತ್ರ, ಕರಪತ್ರಗಳನ್ನು ಸ್ಕ್ಯಾನ್ ಮಾಡುವವರು ಮೂಲ ಪ್ರತಿಯನ್ನು ಏನೂ ಕಳೆದುಕೊಳ್ಳದ ಪಿಎನ್‌ಜಿಯಲ್ಲಿ ಇಟ್ಟುಕೊಳ್ಳಿ; ಬೇರೆಯವರಿಗೆ ಕಳುಹಿಸಲು ಅದರಿಂದಲೇ ಒಂದು ಜೆಪೆಗ್ ತೆಗೆದರಾಯಿತು.